ಇಪ್ಪತ್ತು ಕೋಟಿಯ ಪ್ರಶ್ನೆ

ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿ. ಮಗಳನ್ನು ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ಸೇರಿಸಲೇಬೇಕೆಂದು ಕಂಪ್ಲಿಯ ಮಾವ ಹಟ ಹಿಡಿದಿದ್ದರು.

“ಗೂಗಲ್‌ನಾಗ ಕೋಟಿ ಸಂಬಳ ತಗೊಂಡ ಹುಡುಗ ಇದ್ನಲ್ಲ, ವುಲ್ಫ್ ಗುಪ್ತಾ?”

“ಜಾಹೀರಾತಿನಾಗಷ್ಟೇ ಇದ್ದ, ಮಾವ. ವೈಟ್‌ಹ್ಯಾಟ್ ಜೂನಿಯರ್ ಹುಟ್ಟಿಸಿದ ಕೂಸು. ಆ ಕಂಪನೀನ ಬೆಂಗಳೂರಿನ ಬೈಜೂಸ್ 2020ರಾಗ 30 ಕೋಟಿ ಡಾಲರಿಗೆ ಕೊಂಡಿತ್ತು.”

“ಯಾರೂ ಕೇಳ್ಲಿಲ್ಲೇನು?”

“ಎಂಜಿನಿಯರ್ ಪ್ರದೀಪ್ ಪೂನಿಯಾ ವಿಡಿಯೋ ಹಾಕಿ ಕೇಳಿದ್ರು. ದೆಹಲಿ ಹೈಕೋರ್ಟಿನಾಗ 20 ಕೋಟಿ ಮಾನನಷ್ಟದ ದಾವೆ ಬಿತ್ತು.”

ಮಾವ ಲೋಟ ಕೆಳಗಿಟ್ಟರು. “ಇಲ್ಲದ ಹುಡುಗನ್ನ ತೋರಿಸಿದವರಿಗೆ ಇಷ್ಟೊಂದು ಮಾನ ಎಲ್ಲಿತ್ತಪ್ಪಾ?”

“ಜಾಹೀರಾತು ಮಾನದಂಡ ಮಂಡಳಿ ಹೇಳಿದ ಮ್ಯಾಲ ಐದು ಜಾಹೀರಾತು ತೆಗೆದ್ರು. 2021ರ ಮೇನಾಗ ದಾವೇನೂ ವಾಪಸ್.”

“ಹಂಗಾದ್ರ ಸಂಡೂರು ಸಂತ್ಯಾಗ ಬದನೆಕಾಯಿ ಹುಳುಕು ಅಂದ್ರ?”

“ಮೊದ್ಲು ವಕೀಲರನ್ನ ಹಿಡಿ ಮಾವ, ಆಮ್ಯಾಲ ಚೀಲ.”