ಪಿಕಪ್ಪಿನ ಪಂಚಮ

ಮಕ್ಕಳು ಹಠ ಹಿಡಿದರೆ ‘ರಾಗ ಎಳೀಬೇಡ’ ಅಂತ ಗದರುವುದು ನಮ್ಮಲ್ಲಿ ರೂಢಿ. ಕಳೆದ ಅಡಿಕೆ ಸುಗ್ಗಿಯಲ್ಲಿ ಆ ಮಾತನ್ನು ನಾನು ಹೇಳಬೇಕಾಗಿ ಬಂದದ್ದು ನಮ್ಮ ಪಿಕಪ್ ಗಾಡಿಗೆ. ಆಕ್ಸಿಲೇಟರ್ ಮೇಲೆ ಕಾಲಿಟ್ಟರೆ ‘ಕುಂಯ್ಯ್’, ತೆಗೆದರೆ ಮೌನ. ಇಳಿಜಾರಿನಲ್ಲಿ ಸಾಧು, ಏರಿನಲ್ಲಿ ಅಳುಬುರುಕ.

ಗಾಡಿಗೆ ಸದ್ದು ಬಂದರೂ ಮನುಷ್ಯನಿಗೆ ಸೊಂಟನೋವು ಬಂದರೂ ಊರಿಗೆ ಒಂದೇ. ಸಿಕ್ಕವರೆಲ್ಲ ಔಷಧಿ ಹೇಳುತ್ತಾರೆ. ಹಾಲಿನ ಡೈರಿ ಮುಂದೆ ನಿಂತಿದ್ದವರು ಫ್ಯಾನ್ ಬೆಲ್ಟ್ ಎಂದರು. ಇಂಜಿನ್ ಓಡುವಾಗ ಬೆಲ್ಟಿನ ಮೇಲೆ ನೀರು ಚಿಮುಕಿಸಿದರೆ ಸದ್ದು ಬದಲಾಗಬೇಕಂತೆ. ಚಿಮುಕಿಸಿದೆ. ಬೆಲ್ಟು ಕ್ಯಾರೇ ಅನ್ನಲಿಲ್ಲ. ಸೊಸೈಟಿ ಹತ್ತಿರ ಸಿಕ್ಕ ಟಿಪ್ಪರ್ ಡ್ರೈವರ್ ಟರ್ಬೋ ಎಂದ. ಟರ್ಬೋ ಹೋಸು ಬಿರುಕು ಬಿಟ್ಟರೆ ಸಿಳ್ಳೆ ಬರುವುದು ನಿಜ. ಆದರೆ ಆಗ ಗಾಡಿ ಸರಿಯಾಗಿ ಎಳೆಯುವುದಿಲ್ಲ, ಕರಿಹೊಗೆ ಉಗುಳುತ್ತದೆ. ನನ್ನದು 15 ಚೀಲ ಅಡಿಕೆ ಹೊತ್ತು ಏರು ಹತ್ತುತ್ತಿತ್ತು, ರಾಗ ಎಳೆಯುತ್ತಲೇ.

ಗಂಟು ಬಿಡಿಸಿದ್ದು ಚಿಕ್ಕಮ್ಮ. ಅವರು ತೀರ್ಥಹಳ್ಳಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಕುಕ್ಕರಿನ ಸಿಳ್ಳೆಗೂ ಶ್ರುತಿ ಹುಡುಕುವ ಕಿವಿ. ಒಂದು ಮದುವೆಗೆ ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಐದಾರು ಮೈಲಿ ಸುಮ್ಮನಿದ್ದವರು ಬಾಯಿ ಬಿಟ್ಟರು: ‘ಅಲ್ಲ ಮಾರಾಯ, ನೀನು ಗೇರ್ ಬದಲಿಸಿದ ಕೂಡಲೇ ಇಂಜಿನ್ನಿನ ಶ್ರುತಿ ಇಳೀತದೆ. ಈ ಕುಂಯ್ ಇಳಿಯೋದೇ ಇಲ್ವಲ್ಲ?’

ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ನನಗೆ ಹೊಳೆದಿರಲಿಲ್ಲ. ಮೂರರಿಂದ ನಾಲ್ಕನೇ ಗೇರಿಗೆ ಹೋದಾಗ ಇಂಜಿನ್ ಉಸಿರು ತಗ್ಗಿಸುತ್ತದೆ. ಅದರ ಜೊತೆ ತಗ್ಗುವ ಸದ್ದು ಇಂಜಿನ್ ಕಡೆಯದು. ತಗ್ಗದೆ ಗಾಡಿಯ ವೇಗದ ಜೊತೆಗೇ ಏರುವುದು ಚಕ್ರದ ಕಡೆಯದು. ಚಿಕ್ಕಮ್ಮ ಅಷ್ಟಕ್ಕೇ ಬಿಡಲಿಲ್ಲ. ‘40ರಲ್ಲಿ ಹಿಡ್ಕೋ’ ಎಂದರು. ಅದನ್ನೇ ಷಡ್ಜ ಮಾಡಿಕೊಂಡು ಗುನುಗಿದರು. ‘ಈಗ 60.’ ಸರಿಯಾಗಿ ಪಂಚಮ! ಲೆಕ್ಕ ಹಾಕಿದರೆ ಬೆರಗೇನಿಲ್ಲ. ಪಂಚಮದ ಕಂಪನ ಷಡ್ಜದ ಒಂದೂವರೆ ಪಟ್ಟು, 60 ಅಂದರೂ 40ರ ಒಂದೂವರೆ ಪಟ್ಟು. ನಡುವೆ 50ರಲ್ಲಿ ಅಂತರ ಗಾಂಧಾರ. 80ಕ್ಕೆ ಮೇಲಿನ ಷಡ್ಜ ಸಿಗಬೇಕು. ನಮ್ಮ ತಿರುವುಗಳಲ್ಲಿ ಆ ಸ್ಥಾಯಿಗೆ ಹೋದರೆ ಕೆಳಗಿಳಿಯುವುದು ನೇರ ಹೊಳೆಗೆ. ಮದುವೆ ಮನೆ ಮುಟ್ಟುವಾಗ ಊಟದ ಎರಡನೇ ಪಂಕ್ತಿ ಎದ್ದಿತ್ತು.

ಗ್ಯಾರೇಜಿನ ಮೇಸ್ತ್ರಿಗೆ ಈ ಪಂಚಮದ ಕಥೆಯನ್ನೆಲ್ಲ ಹೇಳಿದೆ. ಅವರು ‘ಹೌಸಿಂಗ್ ಸೌಂಡು’ ಎಂದು ಮುಗಿಸಿದರು. ಆದರೂ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೈಸ್ ಮಾಡಿ ನೋಡಿದರು. ಕುಂಯ್ ಇಲ್ಲ. ಆಮೇಲೆ ಕೆಲಸದ ಹುಡುಗನನ್ನು ಹಿಂದಿನ ಬಾಡಿಯಲ್ಲಿ ಕಿವಿ ನೆಲಕ್ಕೆ ಹಚ್ಚಿ ಮಲಗಿಸಿ, ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಸುತ್ತು ಹಾಕಿದರು. ಹುಡುಗ ಎದ್ದು ಆಕ್ಸಲ್ಲಿನ ನಡುವಿಗೆ ಬೆರಳು ತೋರಿಸಿದ. ಕಿವಿಗೆ ಅಡಿಕೆ ಸಿಪ್ಪೆ ಅಂಟಿತ್ತು.

ಹೌಸಿಂಗ್ ಎಂದರೆ ಹಿಂದಿನ ಆಕ್ಸಲ್ಲಿನ ನಡುವೆ ಗಡಿಗೆಯ ಹಾಗೆ ಉಬ್ಬಿರುವ ಭಾಗ. ಒಳಗೆ ಪುಟ್ಟ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಬಿಚ್ಚಿದ ಮೇಲೆ ಎಣಿಸಿದೆ: ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 37. ಒಂದನ್ನು ಬಿಟ್ಟರೆ ಎರಡನ್ನೂ ಭಾಗಿಸುವ ಸಂಖ್ಯೆಯೇ ಇಲ್ಲ. ಹಾಗಾಗಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಹಲ್ಲನ್ನು ಮತ್ತೆ ಕಾಣುವುದು 37 ಸುತ್ತು ಕಳೆದ ಮೇಲೆ. ಅಷ್ಟರಲ್ಲಿ ಉಳಿದ 36ರ ಜೊತೆಗೂ ಉಜ್ಜಾಡಿ ಬಂದಿರುತ್ತದೆ. ಸವೆತ ಎಲ್ಲರಿಗೂ ಸಮಪಾಲು. ದಾಯಾದಿಗಳ ಮನೆ ಕಟ್ಟುವಾಗಲೂ ಯಾರಾದರೂ ಈ ಲೆಕ್ಕ ನೋಡಬೇಕಿತ್ತು.

ಈ ಹಲ್ಲುಗಳು ಜಾರುತ್ತ ಉಜ್ಜುವುದರಿಂದ ಅವಕ್ಕೆ ಗಂಧಕ ಸೇರಿದ ದಪ್ಪ ಎಣ್ಣೆಯೇ ಬೇಕು. ಕೊಳೆತ ಬೆಳ್ಳುಳ್ಳಿಯ ವಾಸನೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ವಾಸನೆ ಗ್ಯಾರೇಜು ತುಂಬಿತು, ಎಣ್ಣೆ ಒಂದು ಚೊಂಬೂ ತುಂಬಲಿಲ್ಲ. ಪಿನಿಯನ್ನಿನ ಆಯಿಲ್ ಸೀಲ್ ಹರಿದು ಸೋರಿಹೋಗಿತ್ತು. ಎಣ್ಣೆ ಸಾಲದೆ ಬೇರಿಂಗ್ ಸವೆದು, ಭಾರ ಬಿದ್ದಾಗ ಪಿನಿಯನ್ ಕೂದಲೆಳೆಯಷ್ಟು ಸರಿಯುತ್ತಿತ್ತು. ಹಲ್ಲಿಗೆ ಹಲ್ಲು ಸರಿಯಾಗಿ ಕೂರದೆ ಕುಂಯ್ ಅನ್ನುತ್ತಿತ್ತು.

‘ಸೋರೋದು ಗೊತ್ತಾಗ್ಲಿಲ್ವಾ ಸಾರ್?’ ಎಂದರು ಮೇಸ್ತ್ರಿ.

ಗೊತ್ತಾಗಿತ್ತು. ಮಳೆಗಾಲ ಮುಗಿದಾಗಿನಿಂದ ಗಾಡಿಯ ಹಿಂಭಾಗದ ಕೆಳಗೆ ಕರಿಚುಕ್ಕೆ ಬೀಳುತ್ತಿತ್ತು. ಅಡಿಕೆ ಒಣಗಿಸುವ ಅಂಗಳ ಹಾಳಾದೀತೆಂದು ಅಲ್ಲೊಂದು ಅಡಿಕೆ ಹಾಳೆ ಇಟ್ಟಿದ್ದೆ. ನೆನೆದರೆ ತೆಗೆದು ಬೇರೆ ಹಾಳೆ. ಅಂಗಳ ಮಾತ್ರ ಕನ್ನಡಿಯ ಹಾಗಿತ್ತು. ಮೇಸ್ತ್ರಿಗೆ ಇದನ್ನು ಹೇಳಲಿಲ್ಲ, ‘ಇಲ್ವಲ್ಲ’ ಎಂದೆ.

ಹೊಸ ಬೇರಿಂಗ್, ಸೀಲ್ ಹಾಕಿ, ಹಲ್ಲುಗಳಿಗೆ ನೀಲಿ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವಿಗೇ ಬಿದ್ದದ್ದು ನೋಡಿ ಮೇಸ್ತ್ರಿ ತಲೆದೂಗಿದರು. ಹಲ್ಲೇ ಹೋಗಿದ್ದರೆ ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲವಂತೆ. ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ.

ಮುಂದಿನ ವಾರ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೋದೆ. 40, 50, 60 ದಾಟಿದರೂ ಸದ್ದಿಲ್ಲ. ‘ಇನ್ನು ಶ್ರುತಿಪೆಟ್ಟಿಗೆ ತಗೊಂಡೇ ಬರ್ಬೇಕು’ ಎಂದು ಕಿಟಕಿಯ ಕಡೆ ತಿರುಗಿದರು.

ಅಂಗಳದ ಹಾಳೆಯನ್ನು ನಾನಿನ್ನೂ ತೆಗೆದಿಲ್ಲ. ಬೆಳಗ್ಗೆ ಎದ್ದು ಮೊದಲು ಅದನ್ನು ಬಗ್ಗಿ ನೋಡುತ್ತೇನೆ. ಇವತ್ತಿಗೆ ಹತ್ತು ದಿನ, ಒಣಗಿಯೇ ಇದೆ.