ಕೌದಿಯ ಹೊಟ್ಟೆ

ನಮ್ಮ ಧಾರವಾಡದ ಕಡೆ, ನಮ್ಮಂಥ ಮನೆಗಳಲ್ಲಿ, ಅವ್ವ ಎಂದರೆ ತಾಯಿ, ಅಮ್ಮ ಎಂದರೆ ಅಜ್ಜಿ. ಬೆಂಗಳೂರಿನ ಆಫೀಸಿನಲ್ಲಿ ‘ನಮ್ಮ ಅಮ್ಮಗ ಈಗ 86’ ಎಂದರೆ ಸಹೋದ್ಯೋಗಿಗಳು ನನ್ನ ವಯಸ್ಸನ್ನು ಮನಸ್ಸಿನಲ್ಲೇ ಕಳೆದು ನೋಡಿ, ಗಾಬರಿಯಾಗಿ ಸುಮ್ಮನಾಗುತ್ತಾರೆ.

ಈ ಅಮ್ಮನಿಗೆ ದೀಪಾವಳಿಗೆ ಏನಾದರೂ ಒಯ್ಯುವುದು ನನ್ನ ವಾಡಿಕೆ. ಒಯ್ದದ್ದನ್ನು ‘ಚಲೋ ಐತಿ, ತಗದ ಇಡ್ತೀನಿ’ ಎಂದು ಟ್ರಂಕಿಗೆ ಹಾಕುವುದು ಆಕೆಯ ವಾಡಿಕೆ. ಹಸಿರು ಬಣ್ಣದ ತಗಡಿನ ಟ್ರಂಕು. ಅದರೊಳಗೆ ಹೋದ ವಸ್ತು ಮತ್ತೆ ಬೆಳಕು ಕಾಣುವುದು ಯಾರದೋ ಮನೆಯ ಕುಬಸಕ್ಕೆ, ಇಲ್ಲವೇ ತೊಟ್ಟಿಲಿಗೆ. ನಾನು ಕೊಟ್ಟ ಉಣ್ಣೆಯ ಶಾಲು ಮರುವರ್ಷ ಸೋದರತ್ತೆಯ ಬೀಗತಿಯ ಹೆಗಲ ಮೇಲಿತ್ತು. ‘ನಿಮ್ಮ ಅಮ್ಮನ ಕೈ ದೊಡ್ಡದ ಬಿಡ್ರಿ’ ಎಂದು ಆಕೆ ನನ್ನೆದುರೇ ಹೊಗಳಿದರು. ನಾನೂ ಹೌದೆಂದೆ.

ಅಂಗಡಿಯಿಂದ ತಂದು ಕೊಟ್ಟರೆ ಹೀಗೇ ಆಗುವುದು, ನೆನಪಿನ ವಸ್ತು ಕೊಡಬೇಕು ಎಂದಳು ನನ್ನ ಹೆಂಡತಿ. ಸರಿ, ಒಂದು ವರ್ಷ ಮಗಳ ಫೋಟೊ ಅಚ್ಚು ಹಾಕಿಸಿದ ಚಹಾದ ಮಗ್ ಒಯ್ದೆವು. ಅಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಮೊದಲು ಮುದ್ದಿಟ್ಟಳು, ಆಮೇಲೆ ಸಿಟ್ಟಾದಳು. ‘ಕೂಸಿನ ಮಾರಿಗೆ ಸುಡು ಸುಡು ಚಾ ಸುರೂವ್ಲೇನೋ? ಕುಡದು, ಎಂಜಲಾ ಮಾಡಿ, ಬೂದಿ ಹಚ್ಚಿ ತಿಕ್ಕಲೇನು?’ ಮಗ್ ಟ್ರಂಕಿಗೆ ಹೋಯಿತು.

ಮರುವರ್ಷ ಡಿಜಿಟಲ್ ಫೋಟೊ ಫ್ರೇಮು. ಐದು ಸೆಕೆಂಡಿಗೊಂದು ಚಿತ್ರ ಬದಲಾಗುವಂಥದ್ದು. ಅಜ್ಜ ಬಂದ, ಪಟಕಾ ಸುತ್ತಿಕೊಂಡು ನಿಂತ, ಮರೆಯಾದ. ‘ಆವಾಗೂ ಹಿಂಗ. ಮನ್ಯಾಗ ಒಂದ ಗಳಿಗಿ ನಿಂದರ್ತಿರಲಿಲ್ಲ’ ಎಂದಳು ಅಮ್ಮ. ಅಜ್ಜನ ಹಿಂದೆ ಹಲ್ಲುಕಿರಿಯುತ್ತ ಬಂದವನು ನಾನು. ಅಷ್ಟೇ, ಅಮ್ಮ ಎದ್ದು ವೈರು ಕಿತ್ತಳು. ‘ಹ್ವಾದವ್ರ ಸಾಲಾಗ ನೀ ಯಾಕ ನಿಂತೀಯೋ ತಮ್ಮಾ?’

ಮೂರನೆಯದು ನೆನಪಿನ ಪುಸ್ತಕ. ಪುಟಕ್ಕೊಂದು ಪ್ರಶ್ನೆಯನ್ನು ನಾನೇ ದುಂಡಗೆ ಬರೆದು, ಉತ್ತರಕ್ಕೆ ಜಾಗ ಬಿಟ್ಟಿದ್ದೆ. ಆರು ತಿಂಗಳ ಮೇಲೆ ಊರಿಗೆ ಹೋದಾಗ ಆಸೆಯಿಂದ ತೆರೆದೆ. ‘ನಿನ್ನ ಬಾಳಿನ ಅತಿ ಸುಖದ ದಿನ ಯಾವುದು?’ ಎಂಬುದರ ಕೆಳಗೆ ‘ಮಂಗಳವಾರ’ ಎಂದಿತ್ತು. ನನ್ನ ಎದೆ ತುಂಬಿ ಬಂತು. ಮುಂದೆ ಓದಿದೆ: ‘ಒಂದೂವರೆ ಲೀಟರ್. ಬುಧವಾರ ಬಂದಿಲ್ಲ. ಗುರುವಾರ ನೀರು ಬಾಳ.’

ಆಗ ಹೊಳೆದದ್ದು ಕೌದಿ. ನಾನು ಸಣ್ಣವನಿದ್ದಾಗ ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಹಳೆಯ ಸೀರೆ ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಕೈಹೊಲಿಗೆ ಹಾಕುತ್ತ ಊರಿನ ಸುದ್ದಿಯನ್ನೂ ಅದರೊಳಗೇ ಹೊಲಿದುಬಿಡುತ್ತಿದ್ದರು. ಅವರು ಮಾಡಿದ್ದನ್ನು ನಾನು ಮಾಡಲಾರೆನೆ? ಎಂಜಿನಿಯರಿಂಗ್ ಓದಿದವರಿಗೆ ಇಂಥ ಪ್ರಶ್ನೆಗಳು ಬರಬಾರದು.

ಗುಟ್ಟಾಗಿ ಅವ್ವನಿಗೆ ಫೋನು ಮಾಡಿದೆ. ಅಜ್ಜನ ಎರಡು ಧೋತರ, ಅಮ್ಮ ಉಟ್ಟು ಸವೆಸಿದ ಮೂರು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಒಂದಿಷ್ಟು ಚೂರು, ಎಲ್ಲ ಗಂಟು ಕಟ್ಟಿ ಕಳಿಸಿದಳು. ಸೀರೆ ಎಲ್ಲಿ ಎಂದು ಅಮ್ಮ ಕೇಳಿದಾಗ ‘ಪಾತ್ರೆಯವಳಿಗೆ ಹಾಕಿದೆ’ ಎಂದು ಸುಳ್ಳು ಹೇಳಿದಳಂತೆ. ‘ಹಂಗಾರ ಬೋಗುಣಿ ಎಲ್ಲಿ?’ ಎಂದಳಂತೆ ಅಮ್ಮ. ಪಾಪ, ಅವ್ವ ಪೇಟೆಗೆ ಹೋಗಿ ಒಂದು ಸ್ಟೀಲ್ ಬೋಗುಣಿ ಕೊಂಡು ತರಬೇಕಾಯಿತು. ‘ಮೂರು ಸೀರಿಗೆ ಇಷ್ಟ ಸಣ್ಣದ?’ ಎಂದು ಅದಕ್ಕೂ ಬೈಸಿಕೊಂಡಳು.

ಕತ್ತರಿ ಹಿಡಿದಾಗಲೇ ಇಳಕಲ್ ಸೀರೆ ಎರಡು ಸ್ವಭಾವದ್ದು ಎಂದು ತಿಳಿದದ್ದು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ನೇಯುತ್ತಾರೆ. ಮಗ್ಗದ ಮೇಲೆ ಅಷ್ಟು ಒಗ್ಗಟ್ಟಿನಿಂದ ಇದ್ದವು ನನ್ನ ಕೈಗೆ ಬಂದ ಮೇಲೆ ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರಂತೆ ಆಡಿದವು. ಹತ್ತಿ ಹೇಳಿದಲ್ಲಿ ಕೂಡುತ್ತದೆ. ಕೆಂಪು ಟೋಪು-ತೆನೆ ಸೆರಗು ಮಾತ್ರ ಸೂಜಿ ಕಂಡೊಡನೆ ಜಾರುತ್ತದೆ.

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯ ವಿಡಿಯೊ ಯೂಟ್ಯೂಬಿನಲ್ಲಿ ಸಿಕ್ಕಿತು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನೇ ಮಡಚಿ ಮಾಡಿದ ಹೂವು ಇಡುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬತ್ತಲೆ ಎಂದು ಅವರ ಲೆಕ್ಕ. ಹೂವಿನ ಗೋಜಿಗೆ ನಾನು ಹೋಗಲಿಲ್ಲ. ಅಂಚಿನಿಂದ ಹೊರಟು ಇಪ್ಪತ್ತು ರಾತ್ರಿಗಳಲ್ಲಿ ನಡುವಿಗೆ ತಲುಪಿದೆ. ಅಷ್ಟರಲ್ಲಿ ಸುತ್ತಲಿನ ಸಡಿಲ ಬಟ್ಟೆಯೆಲ್ಲ ನನ್ನ ಮುಂದೆ ಸರಿಯುತ್ತ ಬಂದು, ಬಯಲಿನಲ್ಲಿ ನರಗುಂದದ ಗುಡ್ಡ ಎದ್ದಂತೆ ಕೌದಿಯ ನಡುವೆ ಎದ್ದು ನಿಂತಿತ್ತು. ಎತ್ತಿಕೊಳ್ಳಲು ಹೋದೆ. ಏಳಲಿಲ್ಲ. ಕೆಳಗೆ ಹಾಸಿದ್ದ ಹೆಂಡತಿಯ ಹೊಸ ಬೆಡ್‌ಶೀಟನ್ನೂ ಸೇರಿಸಿ ಹೊಲಿದಿದ್ದೆ. ಬಿಚ್ಚುವ ತ್ರಾಣ ಇಬ್ಬರಲ್ಲೂ ಇರಲಿಲ್ಲ. ಅಂಚಿಗೆ ಸರಿಯಾಗಿ ಕತ್ತರಿಸಿ ಅದನ್ನೂ ಒಂದು ಪದರ ಎಂದುಕೊಂಡೆವು.

ಒಂದು ಶಾಸ್ತ್ರ ಬಾಕಿ ಇತ್ತು. ನಮ್ಮ ಪಡಸಾಲೆಯ ಆ ಹೆಂಗಸರು ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳು ಒಳಗೆ ಹಾಕುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು. ಹಬ್ಬದ ದಿನ ಬರೀ ಕಾಳೇ? ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಕಾಲು ಭಾಗ ಮುರಿದು ಒಳಗಿಟ್ಟು ಹೊಲಿದೆ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ನೀರು, ಆರತಿ ಮುಗಿದ ಮೇಲೆ ಕೌದಿಯನ್ನು ಅಮ್ಮನ ಮುಂದೆ ಹಾಸಿದೆ. ಆಕೆ ಮೇಲಿನ ಬಣ್ಣ ನೋಡಲೇ ಇಲ್ಲ. ಬಲ್ಲವರಂತೆ ಮೊದಲು ತಿರುಗಿಸಿ ಹಿಂಬದಿ ನೋಡಿದಳು. ಬೆರಳಿನಿಂದ ಒಂದೊಂದೇ ಹೊಲಿಗೆ ಸವರಿದಳು. ಗೇಣು ಹಾಕಿದಳು. ‘ಮೂಲಿ ನಾಕ ಇರಬೇಕಲ್ಲೋ, ಐದ ಅದಾವ!’ ಎಂದಳು. ಧೋತರದ ಅಂಚು ಕೈಗೆ ಸಿಕ್ಕಾಗ ಬೆರಳು ನಿಂತಿತು. ಸೀರೆ ಸಿಕ್ಕಾಗ ಅವ್ವನ ಕಡೆ ತಿರುಗಿ, ‘ಹಂಗಾರ ಆ ಬೋಗುಣಿ ಎಲ್ಲಿಂದ ಬಂತು?’ ಎಂದಳು. ಅವ್ವ ಅಡುಗೆಮನೆಗೆ ನಡೆದಳು.

ಅಂದು ರಾತ್ರಿ ಅಮ್ಮನ ಕೋಣೆಯಿಂದ ಕೂಗು. ಹೋಗಿ ದೀಪ ಹಾಕಿದೆ. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಯ ಸಾಲು ನೆಲ ದಾಟಿ, ಮಂಚದ ಕಾಲು ಹತ್ತಿ, ನೇರ ಕೌದಿಯ ಐದನೆಯ ಮೂಲೆಗೆ ಹೋಗಿತ್ತು. ಅಮ್ಮ ಹೊಲಿಗೆ ಕಿತ್ತು ನೋಡಿದಳು. ಹೋಳಿಗೆ! ಆ ವಯಸ್ಸಿನಲ್ಲಿ ಅಷ್ಟು ನಗುವುದು ಒಳ್ಳೆಯದಲ್ಲ ಎಂದು ನನಗೆ ಅಂಜಿಕೆಯಾಯಿತು. ‘ಕಾಳ ಹಾಕಂದ್ರ ಊಟಕ್ಕ ಹಾಕೀಯಲ್ಲೋ! ತುಪ್ಪಾ ಮರತೀಯೇನು?’

ಕೌದಿ ಝಾಡಿಸಿ ತಂದೆ. ‘ಸೂಜಿ ಪೋಣಿಸಿ ಕೊಡು, ನನಗ ಕಣ್ಣು ಕಾಣೂದಿಲ್ಲ’ ಎಂದಳು. ನಾಲ್ಕು ಜೋಳದ ಕಾಳು ಇಟ್ಟು, ಕಣ್ಣು ಎತ್ತಲೋ ಇಟ್ಟುಕೊಂಡು, ಆ ಮೂಲೆ ಹೊಲಿದಳು. ಇಡೀ ಕೌದಿಯಲ್ಲಿ ನೆಟ್ಟಗಿರುವುದು ಆ ಗೇಣುದ್ದದ ಹೊಲಿಗೆ ಒಂದೇ.

‘ಹಂಗಾರ ಟ್ರಂಕಿನ್ಯಾಗ ಇಡ್ಲೇನು?’ ಎಂದೆ.

‘ಇಟ್ಟು? ಇದನ್ನ ಯಾರಿಗಿ ಕೊಡ್ಲಿ? ಕೊಟ್ರ ಮನಿ ಮರ್ಯಾದಿ ಹೋಗ್ತೈತಿ. ಇತ್ತ ತಾ, ನಾನ ಹೊಚ್ಕೋತೀನಿ’ ಎಂದು ಎಳೆದುಕೊಂಡು, ನರಗುಂದದ ಗುಡ್ಡವನ್ನು ಹೊಟ್ಟೆಯಿಂದ ಅತ್ತ ಸರಿಸಿ, ಗೋಡೆಯ ಕಡೆ ಮಗ್ಗುಲಾದಳು.