ಫುಟ್‌ಪಾದಭಾವ ನಿರೂಪಣೆ

ಹೆಸರಿನ ವ್ಯುತ್ಪತ್ತಿಯಿಂದ ಗ್ರಂಥವನ್ನು ಆರಂಭಿಸುವುದು ಶಾಸ್ತ್ರಸಂಪ್ರದಾಯ. ಫುಟ್‌ಪಾತ್ ಎಂಬ ಪದಕ್ಕೆ ಅಭಾವ ಎಂಬುದು ಪರವಾದಾಗ, ಚಿತ್ ಜೊತೆ ಆನಂದ ಸೇರಿ ಚಿದಾನಂದವಾದಂತೆ, ಜಶ್ತ್ವಸಂಧಿಯಿಂದ ತಕಾರಕ್ಕೆ ದಕಾರ ಆದೇಶವಾಗಿ ಫುಟ್‌ಪಾದಭಾವ ಎಂದಾಗುತ್ತದೆ. ಇಂಗ್ಲಿಷಿನ ಪದಕ್ಕೆ ಸಂಸ್ಕೃತದ ಸಂಧಿ ಹತ್ತೀತೇ ಎಂದು ವೈಯಾಕರಣರು ಹುಬ್ಬೇರಿಸಬಾರದು. ಬೆಂಗಳೂರಿನಲ್ಲಿ ಯಾವುದಕ್ಕೆ ಯಾವುದು ಬೇಕಾದರೂ ಅಂಟಿಕೊಳ್ಳುತ್ತದೆ. ಬಾಲ್ಕನಿಗೆ ಮೇಲ್ಸೇತುವೆ ತಾಗಿಕೊಂಡಿರುವ ಊರು ಇದು. ಸಂಧಿಯಾದ ಮೇಲೆ ಪದದ ನಡುವೆ ‘ಪಾದ’ವೊಂದು ತಾನಾಗಿ ಮೂಡಿರುವುದನ್ನು ರಸಿಕರು ಗಮನಿಸಬೇಕು. ರಸ್ತೆಯಲ್ಲಿ ಎಲ್ಲೂ ಇಡಲಾಗದ ಪಾದಕ್ಕೆ ವ್ಯಾಕರಣವಾದರೂ ಜಾಗ ಕೊಟ್ಟಿತು.

ಈ ಗ್ರಂಥಕ್ಕೆ ನಿಮಿತ್ತ ನನ್ನ ರಕ್ತದ ಸಕ್ಕರೆ. ಡಾಕ್ಟರು ಚೀಟಿಯಲ್ಲಿ ಮೂರು ಮಾತ್ರೆ ಬರೆದು ನಾಲ್ಕನೆಯದಾಗಿ ‘ವಾಕಿಂಗ್’ ಎಂದು ಬರೆದರು. ಮಾತ್ರೆಗಳ ಮುಂದೆ ಊಟಕ್ಕೆ ಮುಂಚೆ, ಊಟವಾದ ಮೇಲೆ ಎಂಬ ವಿಧಿಗಳಿದ್ದವು. ನಾಲ್ಕನೆಯದನ್ನು ಎಲ್ಲಿ ಸೇವಿಸಬೇಕು ಎಂಬುದಕ್ಕೆ ವಿಧಿವಾಕ್ಯವಿರಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಕಾಲುದಾರಿಯ ಅಂಚುಗಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಕೂಡದು, ನಡೆಯುವ ಜಾಗ 1.8 ಮೀಟರಿಗಿಂತ ಕಿರಿದಾಗಕೂಡದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿತು. ಜಿನೀವಾದ ಋಷಿಗಳೂ ದಿಲ್ಲಿಯ ಋಷಿಗಳೂ ಪರಸ್ಪರ ಸಮಾಲೋಚಿಸದೆ ಒಂದೇ ಸಂಖ್ಯೆಯನ್ನು ದರ್ಶಿಸಿರುವುದು ಕಾಕತಾಳೀಯವಲ್ಲ. ಎರಡನ್ನೂ ಯಾರೂ ಪಾಲಿಸುತ್ತಿಲ್ಲ ಎಂಬುದು ಈ ಏಕವಾಕ್ಯತೆಗೆ ಇನ್ನೂ ಬಲ ತರುತ್ತದೆ.

ಈಗ ಪ್ರಮಾಣವಿಚಾರ. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇದೆಯೇ? ಪ್ರತ್ಯಕ್ಷಕ್ಕೆ ಅದು ಗೋಚರಿಸುವುದಿಲ್ಲ. ಆದ್ದರಿಂದ ಅನುಮಾನವೇ ಗತಿ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವಂತೆ, ಎಲ್ಲಿ ಸಾಲಾಗಿ ಬೈಕುಗಳಿವೆಯೋ ಅಲ್ಲಿ ಅವುಗಳ ಅಡಿಯಲ್ಲಿ ಫುಟ್‌ಪಾತ್ ಇದೆ ಎಂದು ತಿಳಿಯಬೇಕು. ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ನನ್ನ ಖಾಯಂ ಪೂರ್ವಪಕ್ಷಿ. “ಬೈಕು ರಸ್ತೆ ಮೇಲೂ ಇರುತ್ತಲ್ಲ ಸ್ವಾಮಿ, ನಿಮ್ಮ ಹೇತು ಕೆಟ್ಟಿತು” ಎಂದರು. ಕೆಡಲಿಲ್ಲ. ರಸ್ತೆಯ ಮೇಲಿನದು ಓಡುವ ಬೈಕು, ನಾನು ಹೇಳಿದ್ದು ನಿಂತ ಬೈಕು. “ಸಂಜೆ ಆರು ಗಂಟೆಗೆ ಓಡೋ ಬೈಕೂ ಫುಟ್‌ಪಾತ್ ಮೇಲೇ ಬರುತ್ತೆ, ಮೊನ್ನೆ ನನ್ನ ಮೊಣಕೈಗೆ ಕನ್ನಡಿ ತಗುಲಿಸಿಕೊಂಡು ಹೋದ” ಎಂದು ಅವರೇ ಇನ್ನೊಂದು ಹೇತು ಒದಗಿಸಿ ನನ್ನ ವಾದವನ್ನು ಪುಷ್ಟಿಗೊಳಿಸಿದರು.

ಇನ್ನು ಗ್ರಂಥದ ಜೀವಾಳವಾದ ಅಭಾವ. ನೈಯಾಯಿಕರು ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಎಣಿಸಿ ಅದರಲ್ಲಿ ನಾಲ್ಕು ಬಗೆ ಹೇಳಿದ್ದಾರೆ. ಬೆಂಗಳೂರನ್ನು ನೋಡದೆಯೇ ಅವರಿಗೆ ಇದು ಹೊಳೆದದ್ದು ಹೇಗೆ ಎಂಬುದು ನನಗಿನ್ನೂ ಸೋಜಿಗ. ಮೊದಲನೆಯದು ಪ್ರಾಗಭಾವ, ಗಡಿಗೆ ಹುಟ್ಟುವ ಮುನ್ನ ಮಣ್ಣಿನಲ್ಲಿರುವ ಗಡಿಗೆಯ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ಮೂಲೆಯಲ್ಲಿ ಜಲ್ಲಿ ರಾಶಿ, ಅದರ ಮೇಲೆ ಮಲಗಿದ ನಾಯಿ, ಪಕ್ಕದಲ್ಲಿ ಕಾಮಗಾರಿಯ ಬೋರ್ಡು: ಇದೇ ಫುಟ್‌ಪಾತಿನ ಪ್ರಾಗಭಾವ. ನಾಯಿ ಮರಿ ಹಾಕಿ, ಮರಿಗಳು ದೊಡ್ಡವಾದವು; ಶಾಸ್ತ್ರದಲ್ಲಿ ಹೇಳಿದ ಅಂತ್ಯ ಮಾತ್ರ ಇನ್ನೂ ಬಂದಿಲ್ಲ.

ಎರಡನೆಯದು ಪ್ರಧ್ವಂಸಾಭಾವ, ಒಡೆದ ಮೇಲಿನ ಗಡಿಗೆಯ ಅಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ರಸ್ತೆ ಅಗೆಯುವುದಕ್ಕೆ ಇಷ್ಟು ಅಚ್ಚುಕಟ್ಟಾದ ಲಕ್ಷಣವನ್ನು ಯಾವ ಎಂಜಿನಿಯರಿಂಗ್ ಪುಸ್ತಕವೂ ಕೊಟ್ಟಿಲ್ಲ. ನೀರಿನವರು ಅಗೆದರು, ಮುಚ್ಚಿದರು. ಕರೆಂಟಿನವರು ಅಗೆದರು, ಅರ್ಧ ಮುಚ್ಚಿದರು. ಕೇಬಲ್ಲಿನವರು ಉಳಿದರ್ಧದಲ್ಲಿ ತಮ್ಮ ಹಗ್ಗ ಬಿಟ್ಟು ಹೋದರು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ವೇದಾಂತಿಗಳು ಕೊಡುತ್ತಾರಲ್ಲ, ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಒಮ್ಮೆ ಎರಡೂ ಇದ್ದವು.

ಅತ್ಯಂತಾಭಾವವೆಂದರೆ ಮೂರು ಕಾಲದಲ್ಲೂ ಇಲ್ಲದಿರುವುದು, ಮೊಲದ ಕೊಂಬಿನ ಹಾಗೆ. ಮೇಲ್ಸೇತುವೆ ಇಳಿಯುವ ಕಡೆ ನಿಂತು ರಸ್ತೆ ದಾಟಲು ನೋಡಿದವರಿಗೆ ವ್ಯಾಖ್ಯಾನ ಬೇಡ. ಕಡೆಯದು ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಹಾಗೆಯೇ ಟ್ರಾನ್ಸ್‌ಫಾರ್ಮರ್ ಫುಟ್‌ಪಾತ್ ಅಲ್ಲ, ಫುಟ್‌ಪಾತ್ ಕಾರ್ ಶೆಡ್ ಅಲ್ಲ. ಈ ಭೇದಜ್ಞಾನ ನಗರಕ್ಕೆ ಇನ್ನೂ ಆಗಿಲ್ಲ. ಎಳನೀರಿನವನನ್ನು ಮಾತ್ರ ಈ ಪಟ್ಟಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಅವನಿಗೆ ಜಾಗದ ಹಕ್ಕು ಕೊಟ್ಟಿದೆ ಎಂಬುದು ಒಂದು. ಅವನ ಗಾಡಿ ಇರುವ ಕಡೆ ಒಂದು ದೀಪ, ಎರಡು ಕಣ್ಣು ಇರುತ್ತವೆ, ರಾತ್ರಿ ಎಂಟರ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳು ಆ ಬದಿಯಲ್ಲೇ ನಡೆದು ಬರುತ್ತಾರೆ ಎಂಬುದು ಇನ್ನೊಂದು.

ಸ್ಥಾವರ, ಜಂಗಮಗಳ ಲಕ್ಷಣವನ್ನೂ ತಿದ್ದಬೇಕಾಗಿದೆ. ಕಲ್ಲುಚಪ್ಪಡಿ ಸ್ಥಾವರ, ಕಾರು ಜಂಗಮ ಎಂದು ಹಳಬರು ತಿಳಿದಿದ್ದರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರು ಸ್ಥಾವರವಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಚರಂಡಿಯ ಮೇಲಿನ ಚಪ್ಪಡಿಯಾದರೋ ಒಂದು ತುದಿಯಲ್ಲಿ ಕಾಲಿಟ್ಟರೆ ಇನ್ನೊಂದು ತುದಿಯನ್ನು ಎತ್ತಿ, ಒಳಗಿನ ತೀರ್ಥವನ್ನು ಪಂಚೆಯ ಅಂಚಿಗೆ ಪ್ರೋಕ್ಷಿಸುತ್ತದೆ. ಇದಕ್ಕಿಂತ ಜಂಗಮ ಬೇಕೆ?

ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಎದ್ದವು. ಅಗಲವಾದ ನೇರ ಬೀದಿ, ಗಾಳಿ, ಬೆಳಕು: ಆ ರಸ್ತೆಗಳನ್ನು ಹಾಕಿದ್ದೇ ಔಷಧಿಯೆಂದು. ಇಲಿಗಳಿಂದ ತಪ್ಪಿಸಿಕೊಳ್ಳಲು ಮಾಡಿದ ಆ ಅಗಲವನ್ನು ಈಗ ಕಾರುಗಳು ತುಂಬಿಕೊಂಡಿವೆ. ಇಲಿಯಾದರೂ ಬಿಲದಲ್ಲಿ ಮಲಗುತ್ತಿತ್ತು.

ಇಷ್ಟು ಹೇಳಿ ಪೂರ್ವಪಕ್ಷ ಮುಗಿಯಿತು. ಸಿದ್ಧಾಂತ ಇದಕ್ಕೆ ಪೂರ್ತಿ ವಿರುದ್ಧ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳನ್ನು ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ದಿನವಿಡೀ ಕೂತವನಿಗಿಂತ, ದಿನಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತಿ ಟಿಕೆಟ್ ಹರಿದವನಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಕಂಡುಬಂತು. ಮೂರು ವರ್ಷದ ಮೇಲೆ ಅವರ ತಂಡ ಇವರ ಸಮವಸ್ತ್ರದ ಅಳತೆಗಳನ್ನು ಕೂಡ ತೆಗೆದು ನೋಡಿತು. ಡ್ರೈವರುಗಳ ಪ್ಯಾಂಟಿನ ಸೊಂಟವೇ ದೊಡ್ಡದು. ದರ್ಜಿಯ ಟೇಪಿನಿಂದ ಹೃದಯವನ್ನು ಓದಿದ ಈ ವಿದ್ವಾಂಸರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಈಗ ನಮ್ಮ ಬೀದಿಗೆ ಬನ್ನಿ. ಪ್ರತಿ ಗೇಟಿನ ಮುಂದೆ ಕಾರಿಗಾಗಿ ಒಂದು ಇಳಿಜಾರು, ಪ್ರತಿ ಇಳಿಜಾರಿನ ಆಚೆಗೆ ಮೊಣಕಾಲೆತ್ತರದ ಕಟ್ಟೆ. ಮನೆಯಿಂದ ಹಾಲಿನ ಬೂತಿನವರೆಗೆ ನಾನು ಹದಿನಾಲ್ಕು ಸಲ ಹತ್ತಿ ಹದಿನಾಲ್ಕು ಸಲ ಇಳಿಯುತ್ತೇನೆ. ನಮ್ಮ ನಗರವನ್ನು ಕಟ್ಟಿದವರು ಮಾರಿಸ್ಸನ್ನು ಆಮೂಲಾಗ್ರ ಓದಿ, ಡಬಲ್ ಡೆಕ್ಕರ್ ಬಸ್ಸನ್ನೇ ಕೆಡವಿ ನೆಲದ ಮೇಲೆ ಉದ್ದಕ್ಕೆ ಹಾಸಿದ್ದಾರೆ ಎಂಬುದೇ ಸಿದ್ಧಾಂತ. “ನನ್ನ ಮಂಡಿ?” ಎಂದರು ಮೇಷ್ಟ್ರು. ಮಾರಿಸ್ ಹೃದಯದ ವಿಷಯ ಬರೆದರು, ಮಂಡಿ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಸೈಕಲ್ ಪ್ರಕರಣ ಚಿಕ್ಕದು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ ಬಾಡಿಗೆ ಸೈಕಲ್ಲುಗಳು ಬಂದವು, ಜನ ತುಳಿದರು. ಅಲ್ಲಿ ರಸ್ತೆ ಇನ್ನೂ ರಸ್ತೆಯ ಹಾಗಿತ್ತು. ಬೆಂಗಳೂರಿನಲ್ಲಿ ಸೈಕಲ್ ಪಥವೆಂದರೆ ಕಾರು ಎಲ್ಲಿ ನಿಲ್ಲಿಸಬೇಕೆಂದು ತೋರಿಸುವ ಬಿಳಿ ಗೆರೆ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದಿಂದ ಭಾನುವಾರಗಳಂದು ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯನ್ನು ಮೋಟಾರುಗಳಿಗೆ ಮುಚ್ಚಿ ಕಾಲಿಗೂ ಸೈಕಲ್ಲಿಗೂ ಬಿಡುತ್ತಾರಂತೆ. ಇದರಲ್ಲಿ ಹೊಸದೇನಿದೆ? ನಮ್ಮಲ್ಲಿ ಅದಕ್ಕೆ ಬಂದ್ ಎನ್ನುತ್ತೇವೆ. ಆ ದಿನ ಹುಡುಗರು ಮುಖ್ಯರಸ್ತೆಯಲ್ಲಿ ಕ್ರಿಕೆಟ್ ಆಡುತ್ತಾರೆ, ಮುದುಕರು ನಡುರಸ್ತೆಯಲ್ಲಿ ನಡೆಯುತ್ತಾರೆ, ಮರದಲ್ಲಿ ಹಕ್ಕಿ ಇತ್ತೆಂಬುದು ಗೊತ್ತಾಗುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ಕೊನೆಯಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಯಾರೂ ಬಂದ್ ಕರೆಯದೆಯೇ ಹೀಗೆ ಮಾಡಿದ್ದರು. ಇನ್ನು ಬಸ್ಸಿನ ವಿಷಯ: ಬಸ್ಸು ಹತ್ತುವವನು ಎರಡು ತುದಿಯಲ್ಲೂ ನಡೆಯಲೇಬೇಕಾದ್ದರಿಂದ ಬಸ್ ಪಾಸನ್ನು ಔಷಧಿ ಅಂಗಡಿಯಲ್ಲಿ ಮಾರಬೇಕೆಂಬುದು ನನ್ನ ಸ್ವತಂತ್ರ ಮತ. ಇದನ್ನು ಯಾರೂ ಖಂಡಿಸಿಲ್ಲ, ಯಾರೂ ಓದಿಲ್ಲವಾದ್ದರಿಂದ.

ಗ್ರಂಥ ಇಲ್ಲಿಗೆ ಮುಗಿಯಿತು. ಹಸ್ತಪ್ರತಿಯನ್ನು ಡಿ.ಟಿ.ಪಿ. ಅಂಗಡಿಗೆ ಮುಟ್ಟಿಸಬೇಕಿತ್ತು, ಅಂಗಡಿ ಎರಡು ಅಡ್ಡರಸ್ತೆ ಆಚೆಗೆ. “ಹತ್ತು ನಿಮಿಷದ ದಾರಿ, ನಡ್ಕೊಂಡು ಹೋಗಿ ಬನ್ನಿ, ಡಾಕ್ಟ್ರು ಹೇಳಿದಾರಲ್ಲ” ಎಂದಳು ಮನೆಯಾಕೆ. ರಾತ್ರಿ ಮಳೆ ಬಂದಿತ್ತು. ಚಪ್ಪಡಿಗಳು ತುಂಬು ಜಂಗಮಾವಸ್ಥೆಯಲ್ಲಿದ್ದವು. ನಾನು ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಂಚೆ ಎತ್ತಿ ಕಟ್ಟಿ ಗೇಟಿನಲ್ಲಿ ನಿಂತಿದ್ದನ್ನು ಮೇಷ್ಟ್ರು ನೋಡಿದರು.

“ಈ ರಾಡಿಯಲ್ಲಿ ಎಲ್ಲಿ ನಡೀತೀರಿ ಸ್ವಾಮಿ, ತಡೀರಿ ಸ್ಕೂಟರ್ ತೆಗೀತೀನಿ” ಎಂದರು.

“ಎಲ್ಲಿದೆ?”

“ಇಲ್ಲೇ, ಫುಟ್‌ಪಾತ್ ಮೇಲೆ.”

ಸ್ಕೂಟರ್ ತೆಗೆದರು. ಅಡಿಯಲ್ಲಿ ಫುಟ್‌ಪಾತ್ ಇತ್ತು.